ಬೀದಿಗೆ ಬೀದಿಯೇ ಮಲಗಿ ಎದ್ದ ಸಂಜೆ

ಕಳೆದ ಅಕ್ಟೋಬರಿನಲ್ಲಿ ಆಫೀಸಿನ ಕೆಲಸಕ್ಕೆಂದು ಸ್ಯಾನ್ ಡಿಯೇಗೊಗೆ ಹೋಗಿದ್ದೆ. ನಾವು ಆ ಊರು ಬಿಟ್ಟು ಸ್ಯಾಂಟಾ ಕ್ಲಾರಿಟಾಕ್ಕೆ ಮನೆ ಬದಲಾಯಿಸಿ, ಬರ್ಬ್ಯಾಂಕಿನ ಸ್ಟುಡಿಯೋ ಒಂದರಲ್ಲಿ ನಾನು ಕೆಲಸಕ್ಕೆ ಸೇರಿದ ಮೇಲೆ ಆ ಕಡೆ ಹೋಗುವುದೇ ಅಪರೂಪವಾಗಿತ್ತು. ಮೀಟಿಂಗ್ ಬೇಗ ಮುಗಿಯಿತು. ಟ್ರಾಫಿಕ್ ಕಟ್ಟಿಕೊಳ್ಳುವ ಮೊದಲೇ ಲಾಸ್ ಏಂಜಲಿಸ್ ದಾಟಿಬಿಡಬೇಕೆಂದು ಹೊರಟವಳು ಫ್ರೀವೇ ಹತ್ತುವ ಬದಲು ಮೀರಾ ಮೆಸಾದ ನಮ್ಮ ಹಳೆಯ ಬೀದಿಗೆ ಕಾರು ತಿರುಗಿಸಿಬಿಟ್ಟೆ. ಮನೆಯೆದುರು ನಿಲ್ಲಿಸಿ ಗಾಜು ಇಳಿಸಿದೆ. ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ನಾವಿದ್ದ ಮನೆಯ ಮೆಟ್ಟಿಲ ಮೇಲೆ ಈಗಿರುವವರು ಕಣ್ಣು, ಮೂಗು, ಬಾಯಿ ಕೊರೆದ ಕುಂಬಳಕಾಯಿ ಇಟ್ಟು, ಅದರೊಳಗೆ ಮೇಣದಬತ್ತಿ ಹಚ್ಚಿ ಪರೀಕ್ಷೆ ಮಾಡಿದ್ದರೆಂದು ಕಾಣುತ್ತದೆ. ಮುಚ್ಚಳವಾಗಿ ಕತ್ತರಿಸಿದ ಅದರ ಮೇಲ್ತುಂಡಿನ ಒಳಮೈ ಸುಟ್ಟ ವಾಸನೆ. ಅರ್ಧ ಸಿಹಿ, ಅರ್ಧ ಸೀದದ್ದು, ಕುಂಬಳಕಾಯಿ ಪಲ್ಯ ತಳ ಹಿಡಿದಾಗ ಬರುವಂಥದ್ದು. ಆ ವಾಸನೆ ಮೂಗಿಗೆ ಬಡಿದದ್ದೇ, ಸ್ಟೀರಿಂಗ್ ಮೇಲಿನ ಕೈ ತೆಗೆಯಲಾಗದೆ ಕೂತುಬಿಟ್ಟೆ. 2022ರ ಅಕ್ಟೋಬರ್ ಹಾಗೇ ಎದ್ದು ಬಂತು.

ಅಕ್ಟೋಬರ್ ಕೊನೆಯ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಚಾಕಲೇಟ್ ಕೇಳಲು ಹೋಗುವ ಹ್ಯಾಲೋವೀನ್ ನಮ್ಮ ಮನೆಯಲ್ಲಿ ರಟ್ಟಿನ ಡಬ್ಬಗಳ ಹಬ್ಬ. ವೇಷವನ್ನು ಅಂಗಡಿಯಿಂದ ಕೊಳ್ಳಬಾರದು ಎನ್ನುವುದು ನನ್ನ ಗಂಡ ರಘುವಿನ ಹಟ. ಟೆಲಿಕಾಂ ಕಂಪನಿಯಲ್ಲಿ ದಿನವಿಡೀ ಕಣ್ಣಿಗೆ ಕಾಣದ ಸಿಗ್ನಲ್ಲುಗಳ ಜೊತೆ ಹೆಣಗುವ ಮನುಷ್ಯನಿಗೆ ಕೈಯಲ್ಲಿ ಹಿಡಿಯುವಂಥದ್ದನ್ನು ಮಾಡುವ ಆಸೆ. ಮಗ ಅನೀಶನನ್ನು ಒಂದು ವರ್ಷ ಹಳದಿ ಹಸಿರು ಆಟೋರಿಕ್ಷಾ ಮಾಡಿದ್ದ, ಇನ್ನೊಂದು ವರ್ಷ ಫ್ರಿಜ್. 2020ರಲ್ಲಿ ಯಾರೂ ಯಾರ ಹತ್ತಿರವೂ ಸುಳಿಯುವಂತಿರಲಿಲ್ಲ. ಆಗ ಮೆಟ್ಟಿಲ ಕಂಬಿಗೆ ಉದ್ದನೆಯ ಪ್ಲಾಸ್ಟಿಕ್ ಪೈಪ್ ಕಟ್ಟಿದ. ಮೇಲಿನಿಂದ ಚಾಕಲೇಟ್ ಬಿಟ್ಟರೆ ಗಡಗಡ ಜಾರಿ ಕೆಳಗೆ ನಿಂತ ಮಕ್ಕಳ ಚೀಲಕ್ಕೆ ಬೀಳುತ್ತಿತ್ತು. ಆಗ ಮೂರು ವರ್ಷದವಳಾಗಿದ್ದ ಮಗಳು ಜಾನು ಆ ಪೈಪಿಗೆ ಕಿವಿಯಿಟ್ಟು ಶಬ್ದ ಕೇಳುತ್ತ ಸಂಜೆ ಪೂರ್ತಿ ನಕ್ಕಿದ್ದಳು. ಮಾಸ್ಕಿನೊಳಗಿಂದ ಅವಳ ನಗು ಉಕ್ಕಿ ಬರುತ್ತಿತ್ತು. ಮುಖಕ್ಕೆ ಏನಾದರೂ ಮುಚ್ಚಿಕೊಳ್ಳುವುದೆಂದರೆ ಆಗ ಅವಳಿಗೆ ಆಟ.

2022ರ ಫೆಬ್ರವರಿಯಲ್ಲಿ ಧಾರವಾಡದಲ್ಲಿ ನನ್ನ ಮಾವ ತೀರಿಕೊಂಡರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಬೇಸಿಗೆಯಲ್ಲಿ ರಘು ಹೋಗಿ ಅತ್ತೆಯನ್ನು ಕರೆದುಕೊಂಡು ಬಂದ. ಅದೇ ಹೊತ್ತಿಗೆ ಶಾಲೆಗೆ ಸೇರಿಸುವ ಮುಂಚಿನ ಚೆಕಪ್‌ನಲ್ಲಿ ಡಾಕ್ಟರು ಜಾನುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಹೃದಯದ ಗೋಡೆಯಲ್ಲಿ ತೂತು. ಹುಟ್ಟಿನಿಂದಲೇ ಇದ್ದದ್ದು. ಅದು ಎಷ್ಟು ದೊಡ್ಡದು, ಎಲ್ಲಿದೆ ಎಂದು ಸರಿಯಾಗಿ ನೋಡಲು ಆಗಸ್ಟಿನಲ್ಲಿ ಮಂಪರು ಕೊಟ್ಟು ಪರೀಕ್ಷೆ ಮಾಡಿದರು. ಮಾಸ್ಕ್ ಮುಖಕ್ಕೆ ತಂದಾಗ ಜಾನು ಬೆದರಿ ಒದ್ದಳು, ಕಿರುಚಿದಳು. ಮೂರು ಜನ ಹಿಡಿದುಕೊಳ್ಳಬೇಕಾಯಿತು. ಅವಳ ಕಾಲು ಹಿಡಿದವಳು ನಾನು. ಕೈಯಲ್ಲಿ ಆ ಪುಟ್ಟ ಪಾದ ಒದ್ದಾಡುತ್ತಿದ್ದದ್ದು ಇದ್ದಕ್ಕಿದ್ದಂತೆ ಸಡಿಲವಾಯಿತು.

ತೂತು ದೊಡ್ಡದು, ತೊಡೆಯ ರಕ್ತನಾಳದ ಮೂಲಕ ಮುಚ್ಚುವ ಹಾಗಿಲ್ಲ, ಎದೆ ತೆರೆದೇ ಆಪರೇಷನ್ ಮಾಡಬೇಕು ಎಂದರು. ನವೆಂಬರ್ ಮೊದಲ ವಾರಕ್ಕೆ ದಿನ ಗೊತ್ತಾಯಿತು.

ಆ ಪರೀಕ್ಷೆಯ ನಂತರ ಜಾನು ಬದಲಾದಳು. ಅಂಗಡಿಯಲ್ಲಿ ಮಾಸ್ಕ್ ಹಾಕಿದವರು ಕಂಡರೆ ನನ್ನ ಸೊಂಟಕ್ಕೆ ಮುಖ ಹುದುಗಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಮಕ್ಕಳ ಭಯ ಬಿಡಿಸುವುದಕ್ಕೆಂದೇ ಇದ್ದ ಹೆಂಗಸೊಬ್ಬರು, ಮನೆಯಲ್ಲಿ ಆಡಿ ಅಭ್ಯಾಸವಾಗಲಿ ಎಂದು ಮಂಪರಿನ ಮಾಸ್ಕೊಂದನ್ನು ಕೊಟ್ಟಿದ್ದರು. ಪಾರದರ್ಶಕ ಪ್ಲಾಸ್ಟಿಕ್ಕಿನ, ಬಟ್ಟಲಿನಂಥ ಮಾಸ್ಕ್. ಜಾನು ಅದನ್ನು ಸೋಫಾದ ಕೆಳಗೆ ಒದ್ದಳು. ಈಚೆ ತೆಗೆದರೆ ಮತ್ತೆ ಒದ್ದಳು. ರಾತ್ರಿ ಮಲಗಲೂ ತಕರಾರು. ಕಣ್ಣು ಎಳೆಯುತ್ತಿದ್ದರೂ ಹಾಸಿಗೆಯ ಮೇಲೆ ಎದ್ದು ಕೂರುವಳು.

ಅಕ್ಟೋಬರ್ ಬಂತು. ಸ್ಯಾನ್ ಡಿಯೇಗೊದ ಅಕ್ಟೋಬರ್ ಎಂದರೆ ಬೇಸಿಗೆಯ ಬಾಲ. ಗಾಳಿ ಒಣಗಿ ತುಟಿ ಒಡೆಯುತ್ತದೆ, ಗುಡ್ಡಗಳು ಹುಲಿಯ ಮೈ ಬಣ್ಣಕ್ಕೆ ಬರುತ್ತವೆ. ಬೀದಿಯಲ್ಲಿ ಒಂದೊಂದೇ ಮನೆ ಮುಂದೆ ಜೇಡರ ಬಲೆ, ಗೋರಿಕಲ್ಲು, ಮಾಟಗಾತಿಯರ ಬೊಂಬೆಗಳು ಏಳತೊಡಗಿದವು. ಮೂಲೆಮನೆಯ ಬಿಲ್ ಎಂಬಾತ, ನೌಕಾದಳದಿಂದ ನಿವೃತ್ತನಾದ ಆನೆಯಂಥ ಮನುಷ್ಯ, ಎಂದಿನಂತೆ ಹೊಗೆ ಉಗುಳುವ ಯಂತ್ರ ಈಚೆ ತೆಗೆದ. ಇಡೀ ಬೀದಿಯಲ್ಲಿ ಅತಿ ಭಯಂಕರವಾದ ಮನೆ ಅವನದು.

ನಾವೂ ಯಾವತ್ತಿನಂತೆ ಪ್ಲಾಸ್ಟಿಕ್ಕಿನ ಅಸ್ಥಿಪಂಜರವನ್ನು ಬಾಗಿಲಿಗೆ ನೇತುಹಾಕಿದೆವು. ಅತ್ತೆ ಸಂಜೆಯ ವಾಕಿಂಗ್ ಮುಗಿಸಿ ಬಂದವರು ಅದನ್ನು ನೋಡಿ ಮೆಟ್ಟಿಲ ಕೆಳಗೇ ನಿಂತುಬಿಟ್ಟರು.

"ಮನ್ಯಾಗ ಇನ್ನೂ ವರ್ಷ ಕಳದಿಲ್ಲ. ಕೂಸಿನ ಎದಿ ಕೊಯ್ಯೋರಿದ್ದಾರ. ನೀವು ನೋಡಿದ್ರ ಬಾಗಲಿಗೆ ಎಲುಬಿನ ಗೂಡು ತೂಗ ಹಾಕೀರಿ. ಏನ್ ಹಬ್ಬನೋ ಇದು?"

"ಅಮ್ಮಾ, ಇಲ್ಲೆ ಎಲ್ಲಾರೂ ಹಾಕ್ತಾರ. ಆಟ ಅದು," ಎಂದ ರಘು.

"ಸಾವಿನ ಜೋಡಿ ಎಂಥಾ ಆಟ?"

ರಘು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅನೀಶ್ ಸ್ಟೂಲ್ ತಂದು, ಹತ್ತಿ, ಅದನ್ನು ಬಿಚ್ಚಿ ಗರಾಜಿನೊಳಗೆ ಇಟ್ಟು ಬಂದ. ಆಗ ಅವನಿಗೆ ಹದಿಮೂರು. ಆ ವರ್ಷ ಶಾಲೆ ಶುರುವಾದಾಗಲೇ, "ನಾನು ಈ ಸಲ ವೇಷ ಹಾಕಲ್ಲ, ಐ ಆಮ್ ಡನ್ ವಿತ್ ಹ್ಯಾಲೋವೀನ್," ಎಂದು ಘೋಷಿಸಿ ಅಪ್ಪನ ಮುಖ ಸಣ್ಣದು ಮಾಡಿದ್ದ. ಹ್ಯಾಲೋವೀನ್ ಸಂಜೆ ಗೆಳೆಯರೆಲ್ಲ ಒಬ್ಬನ ಮನೆಯಲ್ಲಿ ಸೇರುವುದೆಂದು ನಿಶ್ಚಯವಾಗಿತ್ತು. ಮನೆಯಲ್ಲಿ ಅವನು ಆಡುತ್ತಿದ್ದದ್ದೇ ಎಣಿಸಿದಷ್ಟು ಮಾತು. ಕಿವಿಯಲ್ಲಿ ಸದಾ ಹೆಡ್‌ಫೋನ್. ದೊಡ್ಡವನಾಗುವುದೆಂದರೆ ನಮ್ಮಿಂದ ದೂರವಾಗುವುದು, ಇನ್ನೇನಿದೆ ಎಂದುಕೊಂಡು ನಾನು ಸುಮ್ಮನಾಗಿದ್ದೆ.

ಆದರೂ ಕುಂಬಳಕಾಯಿ ತರುವುದನ್ನು ಬಿಡಲಿಲ್ಲ. ಗುಡ್ಡದ ಕಡೆಯ ಹೊಲವೊಂದಕ್ಕೆ ಹೋಗಿ ಆರಿಸಿಕೊಂಡು ಬಂದೆವು. ಚಾಕು ಹಿಡಿದು ಕೂತ ನನ್ನನ್ನು ಅತ್ತೆ ತಡೆದರು. ಇಡೀ ಕುಂಬಳಕಾಯಿಯನ್ನು ಹೆಂಗಸರು ಮೊದಲು ಒಡೆಯಬಾರದಂತೆ. ಅನೀಶನನ್ನು ಕರೆದರು. ಅವನು ಹೆಡ್‌ಫೋನ್ ಕೊರಳಿಗೆ ಇಳಿಸಿ, ಯಾಕೆ ಎಂದೂ ಕೇಳದೆ, ಮೊದಲ ಗೀರು ಹಾಕಿಕೊಟ್ಟ. ಅತ್ತೆ ತಿರುಳು ತುರಿದು ಬೆಲ್ಲ ಹಾಕಿ ಗಾರಿಗೆ ಮಾಡಿದರು. "ಈ ದೇಶದ ಕುಂಬಳಕಾಯಿಗೆ ರುಚಿನ ಇಲ್ಲ, ಬರೇ ನೀರು," ಎಂದು ಗೊಣಗಿದರೂ ತಟ್ಟೆ ತುಂಬ ಕರಿದಿಟ್ಟರು. ಜಾನು ಎರಡು ತಿಂದಳು. ತಿನ್ನುತ್ತಲೇ ನನ್ನನ್ನು ಕೇಳಿದಳು: "ಹ್ಯಾಲೋವೀನ್ ದಿನ ಎಲ್ಲರೂ ಮುಖ ಮುಚ್ಚಿಕೊಂಡಿರ್ತಾರಾ? ಹಾಗಾದರೆ ನಾನು ಹೊರಗೆ ಬರಲ್ಲ." ನನ್ನ ಮಕ್ಕಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವರ ಆ ಮಾತುಗಳನ್ನು ಬಹುಪಾಲು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಂದು ದಿನ ಅನೀಶನನ್ನು ಶಾಲೆಯಿಂದ ಕರೆತರುತ್ತಿದ್ದೆ. ಕಾರಿನಲ್ಲಿ ನಾವಿಬ್ಬರೇ. ಅವನು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಮ್ಮಾ, ಅಜ್ಜ ಹೇಗೆ ಸತ್ತರು?"

"ನಿದ್ದೆಯಲ್ಲಿ. ನಿನಗೆ ಗೊತ್ತಲ್ಲ."

"ಜಾನೂಗೂ ಗೊತ್ತು," ಎಂದ. "ಅವಳಿಗೆ ಮಾಸ್ಕ್ ಕಂಡರೆ ಭಯ ಅಲ್ಲಮ್ಮ. ಮಲಗಿದರೆ ಮತ್ತೆ ಏಳಲ್ಲ ಅಂತ ಭಯ. ನಿನ್ನೆ ಬಂಕ್ ಬೆಡ್ಡಿನ ಕೆಳಗಿನ ಹಾಸಿಗೆಯಿಂದ ಕೇಳಿದಳು, ಅಜ್ಜನಿಗೂ ಮಾಸ್ಕ್ ಹಾಕಿದ್ರಾ ಅಂತ."

ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಆ ಫೆಬ್ರವರಿಯ ಫೋನುಗಳೆಲ್ಲ ನೆನಪಾದವು. ಮೈಸೂರಿನಿಂದ ನನ್ನ ತವರಿನವರು, ಧಾರವಾಡದವರು, ಲಾಸ್ ಏಂಜಲಿಸ್ ಹತ್ತಿರದ ಡೈಮಂಡ್ ಬಾರ್ ಎಂಬ ಊರಿನಲ್ಲಿರುವ ರಘುವಿನ ಅಣ್ಣ, ಎಲ್ಲರೂ ಸ್ಪೀಕರಿನಲ್ಲಿ ಹೇಳಿದ್ದು ಒಂದೇ. ನಿದ್ದೆಯಲ್ಲೇ ಹೋಗಿಬಿಟ್ಟರಂತೆ, ಪುಣ್ಯವಂತರು, ಅಂಥ ಸಾವು ಎಲ್ಲರಿಗೂ ಸಿಗುತ್ತಾ? ಅತ್ತೆ ಬಂದ ಮೇಲೂ ನೋಡಲು ಬಂದವರೆಲ್ಲರಿಗೆ ಅದನ್ನೇ ಒಂದು ಬಗೆಯ ಹೆಮ್ಮೆಯಿಂದ ಹೇಳುತ್ತಿದ್ದರು: "ಮಲಗಿದವರು ಮಲಗಿದಂಗ ಹೋದ್ರು." ಆಗೆಲ್ಲ ಜಾನು ಅಲ್ಲೇ ಮೇಜಿನ ಕೆಳಗೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಇಂಗ್ಲಿಷಿನಲ್ಲಿ ಮಾತಾಡುವ ಮಗುವಿನ ತಲೆಯ ಮೇಲಿಂದ ಕನ್ನಡ ಹಾಗೇ ಹಾರಿಹೋಗುತ್ತದೆಂದು ನಾವೆಲ್ಲ ನಂಬಿದ್ದೆವು.

ಅಂದು ಸಂಜೆಯೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ವಿವರಿಸಿದೆ. ಆಸ್ಪತ್ರೆಯ ನಿದ್ದೆಯೇ ಬೇರೆ, ಡಾಕ್ಟರು ಪಕ್ಕದಲ್ಲೇ ಇರ್ತಾರೆ, ಎಬ್ಬಿಸ್ತಾರೆ. ನೀನೇ ಆಗಸ್ಟಿನಲ್ಲಿ ಮಲಗಿ ಎದ್ದಿಲ್ಲವಾ?

"ನಾನು ಒದ್ದೆ. ಅದಕ್ಕೇ ಎದ್ದೆ," ಎಂದಳು ಜಾನು. ಒದೆಯದೆ ಮಲಗಿದವರ ಗತಿಯೇನು ಎಂಬುದು ಅವಳಿಗೆ ಗೊತ್ತಿತ್ತು. ಅಜ್ಜ ಒದ್ದಿರಲಿಲ್ಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅನೀಶ್ ಆಮೇಲೆ ಅಡುಗೆಮನೆಗೆ ಬಂದು ಹೇಳಿದ, "ಅಮ್ಮಾ, ಅವಳಿಗೆ ಹೇಳಿ ಉಪಯೋಗ ಇಲ್ಲ. ತೋರಿಸಬೇಕು."

"ಹೇಗೋ ತೋರಿಸೋದು?"

"ನಾನು ನೋಡ್ಕೊತೀನಿ," ಎಂದು ಹೋದ. ಅದನ್ನು ಮಾತ್ರ ಕನ್ನಡದಲ್ಲಿ ಹೇಳಿದ.

ಅವನು ಏನು ಮಾಡುತ್ತಿದ್ದಾನೆಂದು ನನಗೆ ತಿಳಿದದ್ದು ತುಂಡುತುಂಡಾಗಿ. ಆಪರೇಷನ್‌ಗೆ ಮುಂಚಿನ ಭೇಟಿಗೆ ಆಸ್ಪತ್ರೆಗೆ ಹೋದಾಗ ತಾನೂ ಬರುತ್ತೇನೆಂದ. ಮಾಸ್ಕ್ ಕೊಟ್ಟ ಹೆಂಗಸಿನ ಜೊತೆ ಕಾರಿಡಾರಿನಲ್ಲಿ ಏನೋ ಮಾತಾಡಿ ಒಂದು ಚೀಲ ತುಂಬ ಮಾಸ್ಕ್ ತಂದ. ಎದುರುಮನೆಯ ನೆನಿಟಾ ಆಂಟಿ, ಬಹಳ ವರ್ಷ ನರ್ಸ್ ಆಗಿದ್ದ ಫಿಲಿಪೀನ್ಸಿನ ಹೆಂಗಸು, ನಮ್ಮ ಮನೆಗೆ ಬಂದು "ನಿನ್ನ ಮಗ ಕೇಳಿದ್ದ," ಎಂದು ಒಂದು ಡಬ್ಬ ತುಂಬ ಆಸ್ಪತ್ರೆಯಲ್ಲಿ ರೋಗಿಗಳು ತೊಡುವ ನೀಲಿ ಗೌನು, ಟೋಪಿ ಇಟ್ಟುಹೋದರು. ಶನಿವಾರ ಅವನು ಸೈಕಲ್ ಬಿಟ್ಟು, ಆ ಡಬ್ಬ ಹೊತ್ತು ನಡೆದುಕೊಂಡೇ ಬೀದಿಯ ಒಂದೊಂದು ಮನೆಗೂ ಹೋಗಿ ಬಂದಿದ್ದ. ಬಸ್ಸಿನಲ್ಲಿ ಪಕ್ಕದವರ ಹತ್ತಿರ ಸಮಯ ಕೇಳಲೂ ನಾಚುವ ಹುಡುಗ. "ಹ್ಯಾಲೋವೀನ್‌ಗೆ ಅಂದರೆ ಯಾರ ಬಾಗಿಲು ತಟ್ಟಿ ಏನು ಕೇಳಿದರೂ ಯಾರೂ ವಿಚಿತ್ರ ಅಂದುಕೊಳ್ಳಲ್ಲಮ್ಮ," ಎಂದ. ಗೆಳೆಯರ ಮನೆಗೆ ಹೋಗುವ ಮಾತು ಆಮೇಲೆ ಬರಲೇ ಇಲ್ಲ. ಅದನ್ನು ಬಿಟ್ಟುಕೊಟ್ಟೆನೆಂದೂ ಅವನು ಹೇಳಲಿಲ್ಲ.

ಉಳಿದದ್ದು ಅತ್ತೆ. ದೀಪಾವಳಿ ಬಂದು ಹೋಗಿತ್ತು. ವರ್ಷ ಕಳೆಯದ ಮನೆಯೆಂದು ದೇವರ ಮುಂದೆ ಒಂದೇ ದೀಪ ಹಚ್ಚಿದ್ದೆವು. ಅತ್ತೆ ಹಿತ್ತಿಲಿನ ನಿಂಬೆಗಿಡದ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಅನೀಶ್ ಹೋಗಿ ಅವರ ಮುಂದೆ ನೆಲದ ಮೇಲೆ ಕೂತ. ನಾನು ಬಟ್ಟೆ ಮಡಿಸುತ್ತ ಕಿಟಕಿಯಲ್ಲಿದ್ದೆ.

"ಅಜ್ಜಿ, ಎಲ್ಲರಿಗಿಂತ ಮೊದಲು ನೀವು ಮಲಗಬೇಕು. ಜಾನು ಮಾಸ್ಕ್ ಹಾಕ್ತಾಳೆ. ನೀವು ಕಣ್ಣು ಮುಚ್ಚಬೇಕು. ಅವಳು ಎಬ್ಬಿಸ್ತಾಳೆ. ಆಗ ನೀವು ಏಳಬೇಕು." ಒಂದೊಂದೇ ಕನ್ನಡ ಪದವನ್ನು ಹುಡುಕಿ ಜೋಡಿಸುತ್ತಿದ್ದ. "ಮೊದಲು ನೀವೇ ಆಗಬೇಕು. ಯಾಕೆ ಅಂದರೆ ಅಜ್ಜ..." ಮುಂದೆ ಪದ ಸಿಗಲಿಲ್ಲವೋ, ಧೈರ್ಯ ಸಾಲಲಿಲ್ಲವೋ.

ಅತ್ತೆ ನಿಂಬೆಗಿಡದ ಕಡೆ ನೋಡಿದರು. ಅವರು ಆ ಬೆಳಗಿನ ಸುದ್ದಿಯನ್ನು ನಮಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ.

"ಚಹಾ ಮಾಡಿಕೊಂಡು ಹೋಗಿದ್ದೆ," ಎಂದರು. "ಏಳ್ರಿ ಅಂದೆ. ಆರತದ, ಏಳ್ರಿ ಅಂದೆ. ಭುಜ ಹಿಡದು ಅಳ್ಳಾಡಿಸಿದೆ. ನನ್ನ ಕೈಲೆ ಎಬ್ಬಸ್ಲಿಕ್ಕೆ ಆಗಲಿಲ್ಲೋ ಅನೀಶಾ."

ಅವನು ಅವರ ಮೊಣಕಾಲ ಮೇಲೆ ಕೈಯಿಟ್ಟ. ಕಿವಿಯಲ್ಲಿ ಹೆಡ್‌ಫೋನ್ ಇಟ್ಟುಕೊಂಡು ಲೋಕವನ್ನೇ ಮರೆತಂತೆ ಓಡಾಡುತ್ತಿದ್ದ ಈ ಹುಡುಗ ಇಷ್ಟೊಂದು ಸುಮ್ಮನಿರುವುದನ್ನು, ಇನ್ನೊಬ್ಬರಿಗಾಗಿ ಸುಮ್ಮನಿರುವುದನ್ನು, ಯಾವಾಗ ಕಲಿತ? ಕೈಯಲ್ಲಿದ್ದ ಅವನ ಅಂಗಿಯನ್ನೇ ನಾನು ಮತ್ತೆ ಮತ್ತೆ ಮಡಿಸುತ್ತಿದ್ದೆ.

ಕೊನೆಗೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ನಡಿ, ಯಾವ ಕುರ್ಚಿ ಮ್ಯಾಲ ಮಲಗಬೇಕು ತೋರ್ಸು."

ಹ್ಯಾಲೋವೀನ್ ಸಂಜೆ. ಬಿಸಿಲು ಇನ್ನೂ ಇತ್ತು. ರಘುವಿನ ಬಿಳಿ ಅಂಗಿಯನ್ನು ಕತ್ತರಿಸಿ ಹೊಲಿದ ಕೋಟು ಹಾಕಿ, ಕೊರಳಿಗೆ ರಟ್ಟಿನ ಸ್ಟೆತಸ್ಕೋಪ್ ತೊಡಿಸಿ ಜಾನುವನ್ನು ಡಾಕ್ಟರ್ ಮಾಡಿದ್ದೆವು. "ಇವತ್ತು ನಿನಗೆ ಯಾರೂ ಮಾಸ್ಕ್ ಹಾಕಲ್ಲ. ನೀನೇ ಎಲ್ಲರಿಗೂ ಹಾಕೋದು. ನೀನು ಏಳು ಅಂದಾಗ ಮಾತ್ರ ಅವರು ಏಳೋದು," ಎಂದಿದ್ದ ಅನೀಶ್. ಅವನು ಕಾಂಪೌಂಡರ್. ಕೆಂಪು ಎಳೆಬಂಡಿಯಲ್ಲಿ ಮಾಸ್ಕುಗಳನ್ನು ತುಂಬಿಕೊಂಡು ನಿಂತಿದ್ದ. ಜಾನು ಬಾಗಿಲವರೆಗೆ ಬಂದಳು. ಹೊಸ್ತಿಲು ದಾಟಲಿಲ್ಲ.

ಮೆಟ್ಟಿಲ ಮೇಲೆ ಬೆತ್ತದ ಕುರ್ಚಿಯಲ್ಲಿ, ಸೀರೆಯ ಮೇಲೆ ನೀಲಿ ಗೌನು ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು ಅತ್ತೆ ಕೂತಿದ್ದರು. "ಬಾರವಾ ಡಾಕ್ಟರಮ್ಮ, ಎಷ್ಟೊತ್ತು ಕಾಯಸ್ತಿ?" ಎಂದರು.

ಜಾನು ಹೊಸ್ತಿಲು ದಾಟಿ ಬಂದು ಅಣ್ಣನ ಕೈಯಿಂದ ಮಾಸ್ಕ್ ತೆಗೆದುಕೊಂಡಳು. ಅಜ್ಜಿಯ ಮೂಗು ಬಾಯಿಯ ಮೇಲೆ ಇಟ್ಟಳು. ಅತ್ತೆ ಒಂದೆರಡು ಸಲ ಜೋರಾಗಿ ಉಸಿರೆಳೆದು ಕಣ್ಣು ಮುಚ್ಚಿದರು. ಕತ್ತು ಒಂದು ಕಡೆ ವಾಲಿತು. ಬೀದಿಯಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಜಾನು ಮಾಸ್ಕ್ ತೆಗೆದು ಕಾದಳು. ರಘು ನನ್ನ ತೋಳು ಹಿಡಿದುಕೊಂಡ. ಅವನ ತಾಯಿ ಹಾಗೆ ಮಲಗಿರುವುದನ್ನು ನೋಡುವುದು ಅವನಿಗೂ ಸುಲಭವಿರಲಿಲ್ಲ.

"ಅಜ್ಜಿ," ಎಂದಳು ಪಿಸುದನಿಯಲ್ಲಿ. ಆಮೇಲೆ ಸ್ವಲ್ಪ ಗಟ್ಟಿಯಾಗಿ: "ಅಜ್ಜಿ, ವೇಕ್ ಅಪ್!"

ಅತ್ತೆ ಕಣ್ಣು ತೆರೆದರು. "ಎದ್ದೆ ನೋಡವಾ," ಎಂದರು. "ನೀ ಕರದಿ, ನಾ ಎದ್ದೆ."

ಜಾನು ಅವರ ಕೆನ್ನೆ ಮುಟ್ಟಿ ನೋಡಿದಳು. ಆಮೇಲೆ ತಾನಾಗಿಯೇ ಮೆಟ್ಟಿಲು ಇಳಿದಳು.

ನೆನಿಟಾ ಆಂಟಿ ತಮ್ಮ ವರಾಂಡದ ಬೆಂಚಿನ ಮೇಲೆ ಮಲಗಿ ಸಣ್ಣಗೆ ಗೊರಕೆ ಹೊಡೆದು ಎದ್ದರು. ಅವರ ಪಕ್ಕದ ಮನೆಯ ಮುದಿ ದಂಪತಿ ಕೈಕೈ ಹಿಡಿದುಕೊಂಡು ಒಟ್ಟಿಗೆ ಮಲಗಿ ಒಟ್ಟಿಗೆ ಎದ್ದರು. ಪ್ರತಿ ಮನೆಯಲ್ಲೂ ಮೊದಲು ಬರಿಮುಖದ ನಗು, ಆಮೇಲೆ ಮಾಸ್ಕ್, ನಿದ್ದೆ, ಎಚ್ಚರ. ನಾಲ್ಕೈದು ಮನೆ ದಾಟುವ ಹೊತ್ತಿಗೆ ಜಾನುವಿನ ನಡಿಗೆ ಬದಲಾಗಿತ್ತು. "ನೆಕ್ಸ್ಟ್!" ಎಂದು ಕೂಗುತ್ತಿದ್ದಳು.

ಮೂಲೆಮನೆಗೆ ಬಂದೆವು. ಬಿಲ್ ಅಂದು ಹೊಗೆಯಂತ್ರ ಆರಿಸಿದ್ದ. ಮಂಡಿಯವರೆಗೂ ಬಾರದ ನೀಲಿ ಗೌನು, ಕೈತುಂಬ ಹಚ್ಚೆ. ತನ್ನ ಹುಲ್ಲಿನ ಮೇಲೆ ಮರ ಉರುಳಿದಂತೆ ಅಂಗಾತ ಮಲಗಿದ. ಜಾನು ಅವನ ಗಡ್ಡದ ಮೇಲೆ ಮಾಸ್ಕ್ ಇಟ್ಟು ತೆಗೆದಳು. "ವೇಕ್ ಅಪ್, ಬಿಲ್!"

ಅವನು ಏಳಲಿಲ್ಲ. ಆಟ ಹೆಚ್ಚು ಮಾಡಬೇಕೆಂದುಕೊಂಡನೋ, ಕೇಳಿಸಲಿಲ್ಲವೋ. ಜಾನು ಇನ್ನೊಮ್ಮೆ ಕೂಗಿದಳು. ಇಲ್ಲ. ಅನೀಶನ ಮುಷ್ಟಿ ಬಂಡಿಯ ಹಿಡಿಯ ಮೇಲೆ ಬಿಗಿದದ್ದು ಕಂಡಿತು. ನಾನು ಮುಂದೆ ಹೆಜ್ಜೆಯಿಟ್ಟೆ, ಇನ್ನೇನು ಇಷ್ಟೂ ಹಾಳಾಯಿತು ಎಂದು. ಜಾನು ಓಡಿಹೋಗಲಿಲ್ಲ. ಹುಲ್ಲಿನ ಮೇಲೆ ಕೂತಳು. ಅವನ ಅಗಲವಾದ ಎದೆಯ ಮೇಲೆ ತನ್ನ ಪುಟ್ಟ ಅಂಗೈ ಇಟ್ಟಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅವಳ ಕೈಯೂ ಅದರ ಜೊತೆ ಏರಿ ಇಳಿಯಿತು.

"ಪರವಾಗಿಲ್ಲ," ಎಂದಳು ನಮ್ಮ ಕಡೆ ತಿರುಗಿ. "ಕೆಲವರಿಗೆ ಸ್ವಲ್ಪ ಹೊತ್ತು ಬೇಕು."

ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಲ್ ಕಣ್ಣು ತೆರೆದಾಗ ಅವನ ಕಣ್ಣಂಚಿನಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. "ಥ್ಯಾಂಕ್ಯೂ, ಡಾಕ್ಟರ್," ಎಂದ.

ಆಮೇಲೆ ನಡೆದದ್ದನ್ನು ಅನೀಶನೂ ಯೋಚಿಸಿರಲಿಲ್ಲ. ಚೀಲ ಹಿಡಿದು ಚಾಕಲೇಟಿಗೆ ಬಂದಿದ್ದ ಬೀದಿಯ ಮಕ್ಕಳು, ಮಾಟಗಾತಿ, ಡೈನೋಸಾರ್, ಬೆಳ್ಳಗೆ ಚಾದರ ಹೊದ್ದ ದೆವ್ವ, ತಮಗೂ ಬೇಕೆಂದು ಬಿಲ್‌ನ ಹುಲ್ಲಿನ ಮೇಲೆ ಮಲಗತೊಡಗಿದರು. ಜೊತೆಗೆ ಬಂದಿದ್ದ ಅಪ್ಪಂದಿರು ಅಮ್ಮಂದಿರೂ, ನಮ್ಮ ಹಿಂದೆಯೇ ಬಂದಿದ್ದ ಮುದಿ ದಂಪತಿಯೂ ಮಲಗಿದರು. ರಘು ಮಲಗಿದ. ನಾನೂ ಮಲಗಿದೆ. ಬೆನ್ನಿಗೆ ಹುಲ್ಲು ಚುಚ್ಚುತ್ತಿತ್ತು, ಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದ ಆಕಾಶ, ತಾಳೆಮರದ ತುದಿ. ಜಾನುವಿನ ಮುಖ ನನ್ನ ಮೇಲೆ ಬಾಗಿತು. ಮಾಸ್ಕ್ ಇಟ್ಟಳು. ಪ್ಲಾಸ್ಟಿಕ್ಕಿನ ವಾಸನೆ. ಆಗಸ್ಟಿನಲ್ಲಿ ನಾನು ಹಿಡಿದಿದ್ದ ಆ ಪಾದ ನನ್ನ ಕೈಗೆ ನೆನಪಾಗಿ ಕಣ್ಣು ಮುಚ್ಚಿದೆ. ಎಲ್ಲೋ ದೂರದಲ್ಲಿ ನಾಯಿ ಬೊಗಳಿತು. ಅಷ್ಟು ಜನ ಮಲಗಿದ್ದ ಆ ಬೀದಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಎಲ್ಲರೂ ಏಳಿ!"

ಎದ್ದೆವು. ದೆವ್ವಗಳು ಎದ್ದವು, ಡೈನೋಸಾರ್ ಎದ್ದಿತು, ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ನಡುವೆ ಐದು ವರ್ಷದ ಮಗು, ಮೊಣಕಾಲು ದಾಟಿದ ಬಿಳಿ ಕೋಟಿನಲ್ಲಿ, ಎರಡೂ ಕೈ ಮೇಲೆತ್ತಿ ನಿಂತಿತ್ತು. ನಮ್ಮ ಮನೆಯ ಮೆಟ್ಟಿಲ ಮೇಲಿಂದ ಅತ್ತೆ ಎದ್ದುನಿಂತು ಇದನ್ನೆಲ್ಲ ನೋಡುತ್ತಿದ್ದರು. ದೇವರ ಮುಂದೆ ನಿಂತಾಗ ಹಿಡಿಯುವಂತೆ ಅವರ ಕೈಗಳು ಎದೆಯ ಹತ್ತಿರ ಬಂದಿದ್ದವು.

ಆಪರೇಷನ್ ದಿನ ಬೆಳಿಗ್ಗೆ ಜಾನು ಅಪ್ಪನ ಹೆಗಲ ಮೇಲೆ ಆಸ್ಪತ್ರೆಗೆ ಬಂದಳು. ಆಪರೇಷನ್ ಕೋಣೆಯವರೆಗೆ ಒಬ್ಬರಿಗೆ ಮಾತ್ರ ಬಿಡುತ್ತಿದ್ದರು. ನಾನು ಹೋದೆ. ಮಂಪರು ಕೊಡುವ ಡಾಕ್ಟರು ಮಾಸ್ಕ್ ಎತ್ತಿಕೊಂಡಾಗ ಅವಳು ಕೈ ಚಾಚಿದಳು.

"ನಾನೇ ಹಿಡ್ಕೋತೀನಿ."

ಅವರು ನನ್ನ ಮುಖ ನೋಡಿ, ಅವಳ ಕೈಗೆ ಕೊಟ್ಟರು. ಜಾನು ತಾನೇ ಅದನ್ನು ಮೂಗಿನ ಮೇಲೆ ಇಟ್ಟುಕೊಂಡು, ಉಸಿರು ಎಳೆಯುತ್ತ, ನನ್ನನ್ನೇ ನೋಡುತ್ತ, ಒಂದು ಸಲವೂ ಒದೆಯದೆ ನಿದ್ದೆ ಹೋದಳು. ಮಾಸ್ಕ್ ಹಿಡಿದಿದ್ದ ಬೆರಳುಗಳನ್ನು ನರ್ಸ್ ಒಂದೊಂದಾಗಿ ಬಿಡಿಸಬೇಕಾಯಿತು.

ಕಾಯುವ ಕೋಣೆಗೆ ಮರಳಿದೆ. ಅನೀಶ್ ಎದ್ದು ಬಂದ. "ಒದ್ದಳಾ?"

"ಇಲ್ಲ. ತಾನೇ ಹಿಡಿದುಕೊಂಡಳು."

ಅವನು ತಲೆಯಾಡಿಸಿದ. ಬಾತ್‌ರೂಮಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ರಘು ಹೋಗಿ ನೋಡಿದರೆ, ನಲ್ಲಿ ಬಿಟ್ಟುಕೊಂಡು ಅದರ ಸದ್ದಿನಲ್ಲಿ ಅಳುತ್ತಿದ್ದನಂತೆ. ಆಮೇಲೆ ಬಂದು ಚಿಕ್ಕವನಿದ್ದಾಗ ಕೂರುತ್ತಿದ್ದಂತೆ ನನಗೆ ಒತ್ತಿಕೊಂಡು ಕೂತ. ತಲೆಯನ್ನು ನನ್ನ ಭುಜಕ್ಕೆ ಇಡಲು ಅವನು ಬಹಳ ಬಗ್ಗಬೇಕಾಯಿತು. ಮಧ್ಯಾಹ್ನ ಕಳೆದ ಮೇಲೆ ಸರ್ಜನ್ ಬಂದು, ತೂತು ಮುಚ್ಚಿದ್ದೇವೆ, ಹೃದಯ ಚೆನ್ನಾಗಿ ಬಡಿಯುತ್ತಿದೆ ಎಂದರು. ಮನೆಯಲ್ಲಿ ನೆನಿಟಾ ಆಂಟಿಯ ಜೊತೆ ಕಾಯುತ್ತಿದ್ದ ಅತ್ತೆಗೆ ರಘು ಫೋನ್ ಮಾಡಿ ಇದನ್ನೆಲ್ಲ ವಿವರಿಸತೊಡಗಿದ. ಅವರು ಅವನ ಮಾತು ಕತ್ತರಿಸಿ ಕೇಳಿದ್ದು ಒಂದೇ: "ಎದ್ದಳೇನು?"

ಇನ್ನೂ ಇಲ್ಲ ಎಂದ. ಫೋನ್ ಇಡಬೇಡ ಎಂದರು. ಸಂಜೆ ಐಸಿಯುನಲ್ಲಿ ಜಾನು ಕಣ್ಣು ತೆರೆದು ನನ್ನನ್ನು ಗುರುತಿಸಿ ತುಟಿ ಅಲ್ಲಾಡಿಸಿದಾಗ ರಘು ಹೊರಗೆ ಓಡಿಹೋಗಿ "ಎದ್ದಳಮ್ಮಾ," ಎಂದು ಕೂಗಿದ್ದು ಕಾರಿಡಾರಿನ ತುದಿಯವರೆಗೂ ಕೇಳಿಸಿರಬೇಕು. ಆ ಕಡೆ ಅತ್ತೆ ಅಳತೊಡಗಿದರಂತೆ.

ವಾರ ಕಳೆಯುವುದರೊಳಗೆ ಮನೆಗೆ ಬಂದೆವು. ಜಾನು ಎದೆಯ ಪಟ್ಟಿಯ ಮೇಲೆ ದಿಂಬು ಒತ್ತಿಕೊಂಡು ಸೋಫಾದ ಮೇಲೆ ರಾಣಿಯಂತೆ ಕೂತು ಅಪ್ಪಣೆ ಕೊಡುತ್ತಿದ್ದಳು. ಬೀದಿಯಲ್ಲಿ ಜೇಡರ ಬಲೆಗಳೆಲ್ಲ ಇಳಿದಿದ್ದವು. ಒಂದು ಸಂಜೆ, ಸೂರ್ಯ ಮುಳುಗುವ ಹೊತ್ತು, ನಾನೂ ಅತ್ತೆಯೂ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆವು. ಆ ಕಡೆಯಿಂದ ಯಾರೋ ಒಬ್ಬ ಗಂಡಸು ಒಂದೊಂದೇ ಮನೆಯ ಬಾಗಿಲಿಗೆ ಹೋಗಿ, ನಿಂತು ಮಾತಾಡಿ, ಕೈಕುಲುಕಿ, ಇಳಿದು ಬರುತ್ತಿದ್ದ. ಬಿಲ್ ತನ್ನ ಬಾಗಿಲಲ್ಲಿ ನಿಂತು ಅವನ ಬೆನ್ನು ತಟ್ಟಿದ್ದು ಕಂಡಿತು. ಸೂರ್ಯ ಅವನ ಹಿಂದಿದ್ದುದರಿಂದ ಮುಖ ಕಾಣುತ್ತಿರಲಿಲ್ಲ.

"ಯಾರವಾ ಅವರು, ಇತ್ತಾಗ ಬರ್ಲಿಕ್ಕತ್ತ್ಯಾರಲ್ಲ?" ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದರು.

ನಾನೂ ನೋಡಿದೆ. ಅಗಲವಾಗುತ್ತಿದ್ದ ಹೆಗಲು, ಅವಸರವಿಲ್ಲದ ನಡಿಗೆ. ನಿಜ ಹೇಳುತ್ತೇನೆ, ನನಗೂ ಗೊತ್ತಾಗಲಿಲ್ಲ. ಹೊಸದಾಗಿ ಬಂದ ನೆರೆಯವರಿರಬೇಕು ಎಂದುಕೊಂಡೆ. ನಮ್ಮ ಮನೆಯ ಹತ್ತಿರ ಬಂದ ಮೇಲೆ ಅವನ ಬಗಲಲ್ಲಿದ್ದ ಡಬ್ಬ ಕಂಡಿತು, ಅದರಲ್ಲಿ ಒಗೆದು ಮಡಿಸಿದ ನೀಲಿ ಗೌನುಗಳು. ಎಲ್ಲರ ಮನೆಗೂ ಹೋಗಿ ಅವನ್ನು ಕೇಳಿ ತಂದು, ತಾನೇ ಒಗೆದು, ಮತ್ತೆ ಪ್ರತಿ ಮನೆಗೂ ಹೋಗಿ ತಂಗಿ ಹುಷಾರಾದಳು, ನಿಮಗೆ ಥ್ಯಾಂಕ್ಸ್ ಎಂದು ಹೇಳಿ, ಕೊನೆಗೆ ನೆನಿಟಾ ಆಂಟಿಗೆ ವಾಪಸ್ ಕೊಡಲು ಹೊರಟಿದ್ದ.

"ನಮ್ಮ ಅನೀಶ," ಎಂದೆ.

ಅತ್ತೆ ಕೈಯಲ್ಲಿದ್ದ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು, ಅವನು ರಸ್ತೆ ದಾಟಿ ಎದುರುಮನೆಯ ಗೇಟು ತೆರೆಯುವವರೆಗೂ ನೋಡಿದರು. ನಾನೂ ನೋಡಿದೆ. ಅವನು ನಮ್ಮ ಕಡೆ ತಿರುಗಲಿಲ್ಲ.